ಬ್ಲಿಂಕರ್ ಲೈಟಿಗೆ ನೀರು ಹೋಗದಂತೆ ಮಾಡಿದ್ದು: ನನ್ನ ಅನುಭವ

ಲಾರಿ ಕೆಟ್ಟು ನಿಂತಾಗ ಹಿಂದೆ ಅಂಟಿಸುವ ಮ್ಯಾಗ್ನೆಟ್ ಬ್ಲಿಂಕರ್ ಲೈಟನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡಿನಲ್ಲಿ ಮಾಡುತ್ತೇನೆ. ಧೂಳು ಹೋಗಲ್ಲ, ನೀರಲ್ಲಿ ಮುಳುಗಿದರೂ ಒಳಗೆ ನೀರು ಹೋಗಲ್ಲ ಅನ್ನೋ ಐಪಿ67 ರೇಟಿಂಗ್ ಇಲ್ಲದಿದ್ದರೆ ಮಾಲು ಬೇಡ ಅಂದರು ದೊಡ್ಡ ಗಿರಾಕಿ. ಲ್ಯಾಬಿಗೆ ಎರಡು ಸಲ ಕಳಿಸಿದೆ, ಎರಡೂ ಸಲ ಫೇಲ್. ಓಡಾಟ ಸೇರಿ ಮೂವತ್ತೈದು ಸಾವಿರ, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂಗಾಯಿತು. ರಿಪೋರ್ಟಿನಲ್ಲಿ ಬರೋದು ಒಂದೇ ಸಾಲು, ಒಳಗೆ ನೀರು ಕಂಡಿದೆ ಅಂತ. ಎಲ್ಲಿಂದ ಬಂತು ಅಂತ ನಾವೇ ಹುಡುಕಬೇಕು.

ಟೆಸ್ಟ್ ನಾನೇ ಮಾಡಿಕೊಳ್ಳೋಣ ಅಂತ ಕೂತೆ. ಐಪಿಎಕ್ಸ್7, ಅಂದರೆ ಅದರಲ್ಲಿನ ನೀರಿನ ಟೆಸ್ಟಿಗೆ, ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಬೇಕು. ಎಲ್ಲರೂ ಇನ್ನೂರು ಲೀಟರ್ ಡ್ರಮ್ಮಿಗೆ ಹಾಕಿ ಆಯ್ತು ಅಂತಾರೆ, ಆದರೆ ಆ ಡ್ರಮ್ ಮೀಟರ್ ಎತ್ತರವೇ ಇರಲ್ಲ! ಅದಕ್ಕೇ ಆರಿಂಚಿನ ಪಿವಿಸಿ ಪೈಪಿಗೆ ತಳದಲ್ಲಿ ಕ್ಯಾಪ್ ಹಾಕಿ ನಿಲ್ಲಿಸಿದೆ. ಪಕ್ಕದ ಲೇತ್‌ನವರು ಬಂದು "ಏನ್ರೀ, ಮೀನ ಸಾಕಾಕತ್ತೀರೇನು?" ಅಂದರು.

ಸೋರುವ ಜಾಗ ಸಿಕ್ಕಿದ್ದು ಪಂಕ್ಚರ್ ಅಂಗಡಿಯವರ ರೀತಿಯಲ್ಲಿ. ತಣ್ಣಗಿರೋ ಲೈಟನ್ನು ಬೆಚ್ಚಗಿನ ನೀರಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಬರುತ್ತೆ. ನಾನು ಬೈತಾ ಇದ್ದದ್ದು ಗ್ಯಾಸ್ಕೆಟ್ಟಿಗೆ, ಗುಳ್ಳೆ ಬಂದದ್ದು ಮ್ಯಾಗ್ನೆಟ್ ಸ್ಕ್ರೂ ತೂತಿನಿಂದ. ಅಲ್ಲಿಗೆ ವಿನಿಗರ್ ವಾಸನೆಯ ಅಗ್ಗದ ಸಿಲಿಕಾನ್ ಮೆತ್ತಿದೆ. ಅದರ ಹುಳಿ ಆವಿಗೆ ಎರಡು ತಿಂಗಳಲ್ಲಿ ಒಳಗಿನ ಸರ್ಕ್ಯೂಟ್ ಬೋರ್ಡಿನ ತಾಮ್ರ ಹಸಿರಾಯಿತು, ಸುಮಾರು ಇನ್ನೂರು ಪೀಸ್ ಗುಜರಿಗೆ. ವಿನಿಗರ್ ವಾಸನೆ ಇಲ್ಲದ ನ್ಯೂಟ್ರಲ್ ಕ್ಯೂರ್ ಸಿಲಿಕಾನ್ ತಗೊಳ್ಳಿ, ಜಾಸ್ತಿ ರೇಟಾದರೂ ಪರವಾಗಿಲ್ಲ.

ಮುಳುಗಿಸಿದ್ದು ಪಾಸಾಯಿತು, ಅದೇ ಲೈಟು ನಾಜಲ್ಲಿಂದ ಜೋರಾಗಿ ನೀರು ಹೊಡೆಯೋ ಐಪಿಎಕ್ಸ್5 ಜೆಟ್ ಟೆಸ್ಟಿಗೆ ಸೋತಿತು. 7 ಪಾಸಾದರೆ 5 ತಾನಾಗೇ ಪಾಸು ಅಂತ ಅಂದುಕೊಳ್ಳಬೇಡಿ, ಜೆಟ್ಟು ಸ್ವಿಚ್ ಮೇಲಿನ ರಬ್ಬರನ್ನೇ ಎಬ್ಬಿಸುತ್ತೆ. ಅದೇ ಲೇತ್‌ನವರ ಹತ್ತಿರ 6.3 ಮಿಮೀ ನಾಜಲ್ ಮಾಡಿಸಿದೆ. ನಿಮಿಷಕ್ಕೆ 12.5 ಲೀಟರ್ ಬರಬೇಕು, ಇಪ್ಪತ್ತೈದು ಲೀಟರ್ ಕ್ಯಾನ್ ಎರಡು ನಿಮಿಷಕ್ಕೆ ತುಂಬಿದರೆ ಸರಿ. ಮೂರು ಮೀಟರ್ ದೂರದಿಂದ ಮೂರು ನಿಮಿಷ ಹೊಡೆದೆ.

ನೀರಿಗೆ ಬಟ್ಟೆಗೆ ಹಾಕೋ ನೀಲಿ ಬೆರೆಸಿ, ಒಳಗೆ ಟಿಶ್ಯೂ ಇಟ್ಟು ನೋಡಿ, ದಾರಿ ತಾನಾಗೇ ಕಾಣುತ್ತೆ. ಕುಂಕುಮ ಉದುರಿಸಿಯೂ ನೋಡಿದೆ, ಬರೀ ಗಲೀಜು.

ಸ್ಟ್ಯಾಂಡರ್ಡ್ ಪ್ರಕಾರ ಮುಳುಗಿಸುವಾಗ ನೀರಿಗೂ ಲೈಟಿಗೂ ಐದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಏಪ್ರಿಲ್ ಬಿಸಿಲಲ್ಲಿ ಕಾದ ಲೈಟಿನ ಮೇಲೆ ಬೈಪಾಸಿನಲ್ಲಿ ಅಡ್ಡಮಳೆ ಬಿದ್ದರೆ ಆ ಲೆಕ್ಕ ಎಲ್ಲಿ? ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತೆ. ತಗಡಿನ ಮೇಲೆ ಎರಡು ತಾಸು ಕಾಯಿಸಿ ಬೋರ್ ನೀರಿಗೆ ಹಾಕಿದೆ, ಹತ್ತರಲ್ಲಿ ಆರು ನೀರು ಕುಡಿದವು. ಗಾಳಿ ಬಿಟ್ಟು ನೀರು ತಡೆಯೋ ಸಣ್ಣ ಬ್ರೀದರ್ ಸ್ಟಿಕರ್ ಹಾಕಿದ ಮೇಲೆ ಒಂದೂ ಇಲ್ಲ. ಅದನ್ನು ಎಲ್ಲಿ ಅಂಟಿಸಿದೆ, ಗ್ಯಾಸ್ಕೆಟ್ ಎಷ್ಟು ಒತ್ತಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಮೂರನೇ ಸಲ ಲ್ಯಾಬಲ್ಲಿ ಪಾಸ್. ಪಂಪು, ಪೈಪು, ನಾಜಲ್ ಎಲ್ಲಾ ಸೇರಿ ಏಳೆಂಟು ಸಾವಿರ ಆಗಿರಬೇಕು. ಇನ್ನೂ ಜೋರಿನ ಜೆಟ್ಟಿನ ಐಪಿಎಕ್ಸ್6 ಟೆಸ್ಟಿಗೆ ನಿಮಿಷಕ್ಕೆ ನೂರು ಲೀಟರ್ ಬೇಕು, ನನ್ನ ಪಂಪಿಗೆ ಆಗಲ್ಲ. ಹೊಲದ ಮೋಟರ್ ತರಬೇಕು, ಅಣ್ಣ ಇನ್ನೂ ಒಪ್ಪಿಲ್ಲ.