ಡ್ರ್ಯಾಗನ್ ಹಣ್ಣಿನ ಹೂವು ಕಾಯಿ ಕಟ್ಟದೆ ಉದುರುತ್ತಿದ್ದುದಕ್ಕೆ ಕಂಡುಕೊಂಡ ಪರಿಹಾರ

ಹಿರಿಯೂರು ಬಳಿಯ ನಮ್ಮ ತೋಟದಲ್ಲಿ ಕಂಬಗಳಿಗೆ ಹಬ್ಬಿಸಿದ್ದ ಕೆಂಪು ತಿರುಳಿನ ಡ್ರ್ಯಾಗನ್ ಬಳ್ಳಿಗಳು ಎರಡು ಮಳೆಗಾಲ ಧಾರಾಳವಾಗಿ ಹೂ ಬಿಟ್ಟರೂ, ಅರಳಿದ ನಾಲ್ಕೈದು ದಿನಗಳಲ್ಲಿ ಹೂವಿನ ಬುಡ ಹಳದಿಯಾಗಿ ಉದುರುತ್ತಿತ್ತು. ಗೊಬ್ಬರ ಹೆಚ್ಚಿಸಿದ್ದು, ನೀರು ತಗ್ಗಿಸಿದ್ದು, ಬೋರಾನ್ ಪೋಷಕಾಂಶ ಸಿಂಪಡಿಸಿದ್ದು ಯಾವುದೂ ಫಲ ಕೊಡಲಿಲ್ಲ. ಕಾರಣ ಬೇರೆಯೇ ಇತ್ತು: ಕೆಂಪು ತಿರುಳಿನ ಹಲವು ತಳಿಗಳು ಸ್ವಂತ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ನಮ್ಮವೆಲ್ಲ ಒಂದೇ ತಾಯಿಬಳ್ಳಿಯ ತುಂಡುಗಳಾದ್ದರಿಂದ ಒಂದರ ಪರಾಗ ಇನ್ನೊಂದಕ್ಕೂ ಸಲ್ಲುತ್ತಿರಲಿಲ್ಲ.

ಹೂವು ಅರಳಿರುವುದು ಒಂದೇ ರಾತ್ರಿ. ಆದ್ದರಿಂದ ರಾತ್ರಿ 9 ಗಂಟೆಯ ನಂತರ, ಪಕ್ಕದ ತೋಟದ ಬಿಳಿ ತಿರುಳಿನ ತಳಿಯ ಹೂವಿನ ಪರಾಗವನ್ನು ಒಣ ಬಟ್ಟಲಿಗೆ ಉದುರಿಸಿಕೊಂಡು, ಮೃದುವಾದ ಒಣ ಕುಂಚದಿಂದ ನಮ್ಮ ಹೂವಿನ ನಡುವೆ ನಕ್ಷತ್ರದಂತೆ ಸೀಳಿರುವ ಶಲಾಕಾಗ್ರದ (ಪರಾಗ ಸ್ವೀಕರಿಸುವ ತುದಿಯ) ಪ್ರತಿ ಕವಲಿಗೂ ದಟ್ಟವಾಗಿ ಹಚ್ಚಿದೆ. ಕುಂಚ ಒದ್ದೆಯಾಗಿದ್ದರೆ ಪರಾಗ ಕೆಡುತ್ತದೆ. ವಾರದ ಬಳಿಕವೂ ಬುಡಗಳು ಹಸಿರಾಗಿಯೇ ಉಳಿದು ದಪ್ಪಗಾದವು. 35ನೆಯ ದಿನ ಮೊದಲ ಹಣ್ಣು ಕೊಯ್ದೆವು.