ಲ್ಯಾಪ್‌ಟಾಪಿನಲ್ಲಿ ಓಡುವ ಆ್ಯಪ್ ಫೋನಿನಲ್ಲಿ ಮುಗ್ಗರಿಸಿದರೆ

ಬೆಳಗ್ಗೆ ಆರೂವರೆ. ಹಳ್ಳಿಯ ಹಾಲಿನ ಡೇರಿ ಮುಂದೆ ಕ್ಯಾನ್ ಹಿಡಿದು ಜನ ಸಾಲಾಗಿ ನಿಂತಿದ್ದಾರೆ. ಕಾರ್ಯದರ್ಶಿ ಒಬ್ಬೊಬ್ಬರ ಹಾಲು ಅಳೆದು, ಫ್ಯಾಟ್ ನೋಡಿ, ನಾನು ಮಾಡಿಕೊಟ್ಟ ಆ್ಯಪ್‌ನಲ್ಲಿ ಲೀಟರ್ ಬರೆದು ‘ಉಳಿಸಿ’ ಒತ್ತುತ್ತಾರೆ. ಚಕ್ರ ತಿರುಗುತ್ತಲೇ ಇರುತ್ತದೆ. ಕೊನೆಗೆ ‘ಉಳಿಸಲು ಆಗಲಿಲ್ಲ’ ಅಂತ ಬರುತ್ತದೆ. ‘ಸಾರ್, ಜನ ಕಾಯ್ತಾ ಇದ್ದಾರೆ. ಪುಸ್ತಕದಲ್ಲೇ ಬರ್ಕೊಂಡ್ಬಿಡ್ಲಾ?’ ಎಂದು ಅವರು ಫೋನ್ ಮಾಡಿದರು.

ನನ್ನ ಲ್ಯಾಪ್‌ಟಾಪಿನ ಎಮ್ಯುಲೇಟರ್‌ನಲ್ಲಿ, ಅಂದರೆ ಪರದೆಯೊಳಗೆ ಓಡುವ ನಕಲಿ ಫೋನಿನಲ್ಲಿ, ಅದೇ ಗುಂಡಿ ನೂರು ಸಲ ಒತ್ತಿದರೂ ಸರಿಯಾಗಿ ಉಳಿಯುತ್ತಿತ್ತು. ನನ್ನ ಸ್ವಂತ ಫೋನಿನಲ್ಲೂ ಅಷ್ಟೇ. ಮೂರು ದಿನ ‘ನೆಟ್‌ವರ್ಕ್ ನೋಡಿ’, ‘ಫೋನ್ ಆಫ್ ಮಾಡಿ ಆನ್ ಮಾಡಿ’ ಎಂದೇ ಹೇಳುತ್ತಾ ಕಳೆದೆ. ನಾಲ್ಕನೇ ದಿನ ಬಸ್ ಹತ್ತಿ ಹೋಗಿ, ಡೇರಿಯ ಜಗಲಿ ಮೇಲೆ ಕೂತು, ಅವರ ಫೋನಿಗೆ ಕೇಬಲ್ ಹಾಕಿದೆ. ಫೋನಿನೊಳಗೆ ಏನೇನು ನಡೆಯಿತೆಂದು ಸಾಲುಸಾಲಾಗಿ ದಾಖಲಾಗುವ ಲಾಗ್‌ನಲ್ಲಿ ಒಂದೇ ಸಾಲು ಸಾಕಾಯಿತು. ಆ್ಯಪ್ ಸರ್ವರ್‌ಗೆ ಕಳುಹಿಸಿದ ದಿನಾಂಕ ‘12 ಮಾರ್ಚ್’ ಎಂದಿತ್ತು, ಕನ್ನಡ ಅಕ್ಷರದಲ್ಲಿ. ಅವರ ಫೋನಿನ ಭಾಷೆ ಕನ್ನಡ. ತಿಂಗಳ ಹೆಸರನ್ನು ಫೋನಿನ ಭಾಷೆಯಲ್ಲೇ ಬರೆಯುವಂತೆ ನನಗೆ ಗೊತ್ತಿಲ್ಲದೆ ನಾನೇ ಕೋಡ್ ಬರೆದಿದ್ದೆ. ಸರ್ವರ್ ಇಂಗ್ಲಿಷ್ ಅಕ್ಷರದ ತಿಂಗಳಿಗೆ ಕಾಯುತ್ತಾ ಕೂತಿತ್ತು.

ಅವತ್ತಿನಿಂದ ಇಂಥ ದೂರು ಬಂದರೆ ನಾನು ಮೊದಲು ಕೋಡ್ ತೆರೆಯುವುದಿಲ್ಲ. ಕೋಡ್ ಎರಡು ಕಡೆಯೂ ಒಂದೇ ತಾನೆ. ಬೇರೆ ಇರುವುದು ಸುತ್ತಲಿನದು: ಫೋನು, ಭಾಷೆ, ನೆಟ್‌ವರ್ಕ್, ಬ್ಯಾಟರಿ, ಮೆಮೊರಿ, ಸಹಿ. ಏನೇನು ಬೇರೆ ಎಂದು ಪಟ್ಟಿ ಮಾಡಿ, ಒಂದೊಂದನ್ನೇ ಬದಲಿಸಿ ನೋಡುತ್ತಾ ಹೋದರೆ ದೋಷ ಸಿಕ್ಕೇ ಸಿಗುತ್ತದೆ. ಆ್ಯಂಡ್ರಾಯ್ಡ್ ಆ್ಯಪ್ ಮಾಡುವ ವಿದ್ಯಾರ್ಥಿಗಳು, ಹೊಸದಾಗಿ ಕೆಲಸಕ್ಕೆ ಸೇರಿದವರು ಈ ದಾರಿ ಹಿಡಿಯಬಹುದು.

ಮೊದಲು ಕೇಳಿ, ಬರೆದುಕೊಳ್ಳಿ

‘ಕೆಲಸ ಮಾಡ್ತಿಲ್ಲ’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಫೋನಿನ ಮಾಡೆಲ್, ಆ್ಯಂಡ್ರಾಯ್ಡ್ ಆವೃತ್ತಿ, ಆ್ಯಪ್‌ನ ಆವೃತ್ತಿ, ಫೋನಿನ ಭಾಷೆ, ಅಕ್ಷರದ ಗಾತ್ರ, ಎಷ್ಟು ಜಾಗ ಖಾಲಿ ಇದೆ, ಬ್ಯಾಟರಿ ಸೇವರ್ ಆನ್ ಇದೆಯಾ, ವೈಫೈಯಾ ಮೊಬೈಲ್ ಡೇಟಾನಾ, ಇಷ್ಟನ್ನು ಕೇಳಿ. ಆ್ಯಪ್ ಪ್ಲೇ ಸ್ಟೋರಿನಿಂದ ಬಂದಿದ್ದಾ ಅಥವಾ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಫೈಲಾ ಎಂದೂ ಕೇಳಿ. ಬಳಸುವವರಿಗೆ ಹೇಳಲು ಕಷ್ಟವಾದರೆ ಸ್ಕ್ರೀನ್ ರೆಕಾರ್ಡ್ ಮಾಡಿ ಕಳುಹಿಸಲು ಹೇಳಿ. ಅರ್ಧ ನಿಮಿಷದ ವಿಡಿಯೊ ಅರ್ಧ ಗಂಟೆಯ ಫೋನ್ ಮಾತಿಗಿಂತ ಜಾಸ್ತಿ ಹೇಳುತ್ತದೆ. ನಾನು ಮೊದಲ ದಿನವೇ ಅವರ ಫೋನಿನ ಭಾಷೆ ಯಾವುದೆಂದು ಕೇಳಿದ್ದರೆ ಮೂರು ದಿನದ ಹಾಲಿನ ಲೆಕ್ಕ ಮತ್ತೆ ಕೂತು ಬರೆಯುವ ಕೆಲಸ ಅವರಿಗೆ ತಪ್ಪುತ್ತಿತ್ತು.

ಅದೇ ಫೈಲನ್ನು ನಿಮ್ಮ ಫೋನಿಗೆ ಹಾಕಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೋಡ್‌ನಿಂದ ತಯಾರಾದ ಆ್ಯಪ್ ಫೈಲಿಗೆ ಬಿಲ್ಡ್ ಎನ್ನುತ್ತಾರೆ. ನಾವು ಪರೀಕ್ಷೆ ಮಾಡುವುದು ಡೀಬಗ್ ಬಿಲ್ಡ್, ಜನರ ಕೈಗೆ ಹೋಗುವುದು ರಿಲೀಸ್ ಬಿಲ್ಡ್. ಎರಡೂ ಒಂದೇ ಆ್ಯಪ್ ಅಲ್ಲ ಎಂದೇ ಇಟ್ಟುಕೊಳ್ಳಿ. ಜನರಿಗೆ ಕೊಟ್ಟ ಅದೇ ಆವೃತ್ತಿಯನ್ನು, ಅದೂ ಪ್ಲೇ ಸ್ಟೋರಿನ ಇಂಟರ್ನಲ್ ಟೆಸ್ಟಿಂಗ್ (ಆಯ್ದ ಕೆಲವರಿಗೆ ಮಾತ್ರ ಆ್ಯಪ್ ಕೊಡುವ ವ್ಯವಸ್ಥೆ) ಮೂಲಕವೇ, ನಿಮ್ಮ ಫೋನಿಗೆ ಇಳಿಸಿಕೊಳ್ಳಿ. ನಿಮ್ಮ ಫೋನಿನಲ್ಲೂ ಕೆಟ್ಟರೆ ತಪ್ಪು ಬಿಲ್ಡ್‌ನಲ್ಲಿರುವ ಸಾಧ್ಯತೆ ಜಾಸ್ತಿ. ಕೆಡದಿದ್ದರೆ ಅವರ ಫೋನಿನ ಸುತ್ತ ಹುಡುಕಿ. ಹುಡುಕುವ ಜಾಗ ಅಲ್ಲಿಗೆ ಅರ್ಧ ಆಯಿತು.

ಬಿಲ್ಡ್‌ನಲ್ಲಿ ಹೆಚ್ಚಾಗಿ ಕಾಣುವ ತಪ್ಪುಗಳು ಮೂರು. ಒಂದು, ಹೆಸರು ಕುಗ್ಗಿಸುವುದು. ಆರ್8 ಎಂಬ ಸಾಧನ ರಿಲೀಸ್ ಬಿಲ್ಡ್‌ನ ಗಾತ್ರ ಇಳಿಸಲು ಕೋಡ್‌ನ ಹೆಸರುಗಳನ್ನು ಒಂದೆರಡು ಅಕ್ಷರಕ್ಕೆ ಕುಗ್ಗಿಸುತ್ತದೆ. ನಿಮ್ಮ ‘ಲೀಟರ್’ ಎಂಬ ಹೆಸರು ಬರೀ ‘ಎ’ ಆಗಿಬಿಟ್ಟಿರುತ್ತದೆ. ಸರ್ವರ್‌ನಿಂದ ಬಂದ ಮಾಹಿತಿಯನ್ನು ಹೆಸರು ನೋಡಿ ಹೊಂದಿಸುವ ಕೋಡ್ ಇದ್ದರೆ ಅದು ತಬ್ಬಿಬ್ಬಾಗುತ್ತದೆ. ಎಷ್ಟೋ ಸಲ ಆ್ಯಪ್ ಕ್ರ್ಯಾಶ್ ಕೂಡ ಆಗುವುದಿಲ್ಲ, ಸುಮ್ನೆ ಎಲ್ಲ ಕಡೆ ಸೊನ್ನೆ ಅಥವಾ ಖಾಲಿ ತೋರಿಸುತ್ತದೆ. ಅಂಥ ಕ್ಲಾಸ್‌ಗಳನ್ನು ಮುಟ್ಟಬೇಡ ಎಂದು ಕೀಪ್ ನಿಯಮ ಬರೆದರೆ ಸರಿಹೋಗುತ್ತದೆ.

ಎರಡು, ಸಹಿ. ಮ್ಯಾಪ್ ಜಾಗದಲ್ಲಿ ಬರೀ ಬೂದು ಬಣ್ಣ ಕಂಡರೆ, ಗೂಗಲ್ ಲಾಗಿನ್ ಆಗದಿದ್ದರೆ ಮೊದಲು ಇದನ್ನೇ ನೋಡಿ. ಲ್ಯಾಪ್‌ಟಾಪಿನಿಂದ ಹಾಕಿದ ಆ್ಯಪ್‌ಗೆ ಒಂದು ಕೀಲಿಯ ಸಹಿ ಇರುತ್ತದೆ. ಪ್ಲೇ ಸ್ಟೋರ್ ಜನರಿಗೆ ಕೊಡುವಾಗ ತನ್ನ ಬಳಿ ಇರುವ ಬೇರೆ ಕೀಲಿಯಿಂದ ಸಹಿ ಹಾಕುತ್ತದೆ. ಆ್ಯಪ್ ಮಾಡುವವರಿಗಾಗಿ ಇರುವ ಪ್ಲೇ ಕನ್ಸೋಲ್ ಪುಟದಲ್ಲಿ ಆ ಕೀಲಿಯ ಎಸ್‌ಎಚ್‌ಎ-1 ಗುರುತು ಸಿಗುತ್ತದೆ. ಅದನ್ನು ಮ್ಯಾಪ್, ಲಾಗಿನ್ ಸೇವೆಗಳನ್ನು ಹೊಂದಿಸುವ ಗೂಗಲ್ ಕ್ಲೌಡ್ ಅಥವಾ ಫೈರ್‌ಬೇಸ್‌ನಲ್ಲಿ ಸೇರಿಸಬೇಕು.

ಮೂರನೆಯದು ಆ್ಯಪ್ ಕಟ್ಟಲು ಗೂಗಲ್‌ನ ಫ್ಲಟರ್ ಎಂಬ ಸಾಧನ ಬಳಸುವವರಿಗೆ. ಫ್ಲಟರ್ ಹೊಸ ಪ್ರಾಜೆಕ್ಟ್ ಮಾಡಿಕೊಟ್ಟಾಗ ಇಂಟರ್ನೆಟ್ ಪರ್ಮಿಷನ್ ಇರುವುದು ಡೀಬಗ್ ಮತ್ತು ಪ್ರೊಫೈಲ್ ಮ್ಯಾನಿಫೆಸ್ಟ್‌ಗಳಲ್ಲಿ (ಆ್ಯಪ್‌ಗೆ ಬೇಕಾದ ಅನುಮತಿಗಳನ್ನು ಬರೆದಿಡುವ ಫೈಲ್‌ಗಳು). ಮುಖ್ಯ ಮ್ಯಾನಿಫೆಸ್ಟ್‌ಗೆ ಆ ಸಾಲು ನೀವೇ ಸೇರಿಸದಿದ್ದರೆ ರಿಲೀಸ್ ಆ್ಯಪ್‌ಗೆ ಇಂಟರ್ನೆಟ್ಟೇ ಸಿಗುವುದಿಲ್ಲ.

ಲಾಗ್ ಓದಿ, ಊಹಿಸಬೇಡಿ

ಸೆಟ್ಟಿಂಗ್ಸ್‌ನಲ್ಲಿ ‘ಬಿಲ್ಡ್ ನಂಬರ್’ ಮೇಲೆ 7 ಸಲ ತಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಕೇಬಲ್ ಹಾಕಿ. ಫೋನ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ, ಬರೀ ಚಾರ್ಜ್‌ಗೆಂದೇ ಇರುವ ಕೇಬಲ್‌ಗಳೂ ಇರುತ್ತವೆ. ಫೋನಿನ ಪರದೆ ಮೇಲೆ ‘ಅನುಮತಿಸಬೇಕಾ’ ಎಂದು ಬರುವ ಪ್ರಶ್ನೆಗೆ ಹೂಂ ಅನ್ನುವವರೆಗೂ ಎಡಿಬಿ, ಅಂದರೆ ಲ್ಯಾಪ್‌ಟಾಪಿನಿಂದ ಫೋನಿಗೆ ಆದೇಶ ಕೊಡುವ ಸಾಧನ, ಏನೂ ಮಾಡಲಾರದು.

ಆಮೇಲೆ ಹಳೆಯ ಲಾಗ್ ಅಳಿಸಿ, ತೊಂದರೆ ಕೊಡುವ ಆ ಒಂದು ಕೆಲಸವನ್ನು ಮಾತ್ರ ಮಾಡಿ, ತಕ್ಷಣ ಲಾಗ್ ತೋರಿಸುವ ಲಾಗ್‌ಕ್ಯಾಟ್ ನೋಡಿ. ಕ್ರ್ಯಾಶ್ ಆಗಿದ್ದರೆ ಉದ್ದದ ಪಟ್ಟಿ ಬರುತ್ತದೆ. ಹೆದರಬೇಡಿ. ‘ಕಾಸ್ಡ್ ಬೈ’ ಎಂದು ಶುರುವಾಗುವ ಸಾಲುಗಳಲ್ಲಿ ಕೊನೆಯದನ್ನು ಹುಡುಕಿ, ಅದರ ಕೆಳಗೆ ನಿಮ್ಮ ಸ್ವಂತ ಕೋಡ್‌ನ ಹೆಸರು ಬರುವ ಮೊದಲ ಸಾಲು ನೋಡಿ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ. ಹೆಸರುಗಳು ಕುಗ್ಗಿ ಅರ್ಥವಾಗದಂತಿದ್ದರೆ ಬಿಲ್ಡ್ ಮಾಡಿದಾಗ ಸಿಕ್ಕ ಮ್ಯಾಪಿಂಗ್ ಫೈಲ್‌ನಿಂದ ಮೂಲ ಹೆಸರಿಗೆ ತಿರುಗಿಸಬಹುದು. ಪ್ರತಿ ರಿಲೀಸ್‌ನ ಮ್ಯಾಪಿಂಗ್ ಫೈಲ್ ಜೋಪಾನವಾಗಿಡಿ.

ಫೋನ್ ದೂರದಲ್ಲಿದ್ದರೆ ಡೆವಲಪರ್ ಆಯ್ಕೆಗಳಿಂದ ಬಗ್ ರಿಪೋರ್ಟ್ ತೆಗೆಸಿಕೊಳ್ಳಬಹುದು. ಅದರಲ್ಲಿ ಅವರ ಖಾಸಗಿ ವಿವರಗಳೂ ಸೇರಿರಬಹುದು. ಅವರಿಗೆ ಹೇಳಿ, ಒಪ್ಪಿಗೆ ಪಡೆದೇ ತರಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಅಳಿಸಿಬಿಡಿ.

ನೆಟ್‌ವರ್ಕ್

ಎಮ್ಯುಲೇಟರ್‌ನಲ್ಲಿ 10.0.2.2 ಎಂಬ ವಿಳಾಸ ನಿಮ್ಮ ಲ್ಯಾಪ್‌ಟಾಪನ್ನೇ ತೋರಿಸುತ್ತದೆ. ನಿಜವಾದ ಫೋನಿನಲ್ಲಿ ಆ ವಿಳಾಸಕ್ಕೆ ಆ ಅರ್ಥವಿಲ್ಲ. ಕೇಬಲ್ ಹಾಕಿ ಎಡಿಬಿ ರಿವರ್ಸ್ ಬಳಸಿದರೆ ಫೋನಿನಿಂದಲೂ ಲ್ಯಾಪ್‌ಟಾಪಿನ ಸರ್ವರ್ ಸಿಗುತ್ತದೆ. 2018ರಲ್ಲಿ ಬಂದ ಆ್ಯಂಡ್ರಾಯ್ಡ್ 9ರಿಂದ ಗೂಢಲಿಪಿ ಇಲ್ಲದ ಎಚ್‌ಟಿಟಿಪಿ ಸಂಪರ್ಕವನ್ನು ಹೊಸ ಆ್ಯಪ್‌ಗಳಿಗೆ ಮೊದಲಿನಿಂದಲೇ ತಡೆದಿರುತ್ತಾರೆ. ಹಳೆಯ ಫೋನಿನಲ್ಲಿ ಓಡಿ ಹೊಸದರಲ್ಲಿ ಓಡದಿದ್ದರೆ ಇದನ್ನು ನೆನಪಿಸಿಕೊಳ್ಳಿ. ಸರ್ವರ್ ತನ್ನ ಗುರುತನ್ನು ನಂಬಿಕಸ್ಥ ಸಂಸ್ಥೆಗೆ ಜೋಡಿಸುವ ನಡುವಿನ ಸರ್ಟಿಫಿಕೇಟ್ ಕಳುಹಿಸದಿದ್ದರೆ ಲ್ಯಾಪ್‌ಟಾಪಿನ ಬ್ರೌಸರ್ ಅದನ್ನು ತಾನೇ ಹುಡುಕಿಕೊಂಡು ಸರಿ ಮಾಡಿಕೊಳ್ಳಬಹುದು. ಆ್ಯಂಡ್ರಾಯ್ಡ್ ಆ್ಯಪ್ ಹಾಗೆ ಮಾಡುವುದಿಲ್ಲ, ಸಂಪರ್ಕವೇ ಬೇಡ ಅನ್ನುತ್ತದೆ.

ಇನ್ನೊಂದು ತೊಂದರೆ ಆಫೀಸಿನ ವೈಫೈನಲ್ಲಿ ಯಾವತ್ತೂ ಕಾಣುವುದಿಲ್ಲ. ಸಿಗ್ನಲ್ ಒಂದು ಕಡ್ಡಿ ಇರುವ ಊರಿನಲ್ಲಿ ‘ಉಳಿಸಿ’ ಒತ್ತಿದ ಮೇಲೆ ಉತ್ತರ ಬರಲು ಹತ್ತು ಸೆಕೆಂಡ್ ಹಿಡಿಯಬಹುದು. ಅಷ್ಟರಲ್ಲಿ ಮನುಷ್ಯ ಇನ್ನೊಂದು ಸಲ ಒತ್ತುತ್ತಾನೆ. 6 ಲೀಟರ್ ಹಾಲು 12 ಲೀಟರ್ ಆಗುತ್ತದೆ. ಇದು ದುಡ್ಡಿನ ಲೆಕ್ಕ, ಹುಡುಗಾಟವಲ್ಲ. ಒತ್ತಿದ ಕೂಡಲೇ ಗುಂಡಿ ಮಂಕಾಗಲಿ. ಜೊತೆಗೆ ಪ್ರತಿ ದಾಖಲೆಗೂ ಫೋನಿನಲ್ಲೇ ಒಂದು ಗುರುತು ಸಂಖ್ಯೆ ಕೊಟ್ಟು ಕಳುಹಿಸಿ, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಹೊಸದಾಗಿ ಸೇರಿಸದಿರಲಿ.

ಭಾಷೆ, ಅಂಕಿ, ಅಕ್ಷರ

ಪರೀಕ್ಷೆಯ ಫೋನುಗಳೆಲ್ಲ ಇಂಗ್ಲಿಷ್‌ನಲ್ಲೇ ಇರುತ್ತವೆ. ನಮ್ಮ ಜನರ ಫೋನು ಹಾಗಿಲ್ಲ. ಕನ್ನಡದಲ್ಲಿ ತಿಂಗಳ ಹೆಸರು ಬದಲಾಗುವುದನ್ನು ಆಗಲೇ ಹೇಳಿದೆ. ಫೋನಿನ ಭಾಷೆ ಕನ್ನಡವಿದ್ದರೂ ಅಂಕಿಗಳು ಸಾಮಾನ್ಯವಾಗಿ 1, 2, 3 ಎಂದೇ ಇರುತ್ತವೆ. ಮರಾಠಿಯಲ್ಲಿ ಹಾಗಲ್ಲ, ಅಂಕಿಗಳೂ ದೇವನಾಗರಿಗೆ ತಿರುಗಬಹುದು. ಬೆಳಗಾವಿ ಕಡೆ ಮರಾಠಿಯಲ್ಲಿ ಫೋನ್ ಇಟ್ಟುಕೊಂಡವರೊಬ್ಬರು 6.50 ಎಂದು ಉಳಿಸಿದರೆ ಸರ್ವರ್‌ಗೆ ಹೋಗುವುದು ಅದು ಓದಲಾರದ ಅಂಕಿ. ಕನ್ನಡದಲ್ಲಿ ಪರೀಕ್ಷೆ ಮಾಡಿ ಪಾಸಾದ ಆ್ಯಪ್ ಅಲ್ಲಿ ಬೀಳುತ್ತದೆ.

ಇದಕ್ಕೆ ನಾನು ಪಾಲಿಸುವ ನಿಯಮ ಒಂದೇ. ಮನುಷ್ಯರು ಓದುವುದಕ್ಕೆ ಫೋನಿನ ಭಾಷೆ. ಯಂತ್ರ ಓದುವುದಕ್ಕೆ ಯಾವ ಫೋನಿನಲ್ಲೂ ಬದಲಾಗದ ಒಂದೇ ಲೊಕೇಲ್ (ಭಾಷೆ, ಅಂಕಿ, ದಿನಾಂಕ ಬರೆಯುವ ರೀತಿ), ಕೋಡ್‌ನಲ್ಲಿ ಬಿಡಿಸಿ ಬರೆದದ್ದು. ದಿನಾಂಕವಾದರೆ ತಿಂಗಳ ಹೆಸರೇ ಬೇಡ, ವರ್ಷ-ತಿಂಗಳು-ದಿನ ಎಂದು ಅಂಕಿಯಲ್ಲೇ ಕಳುಹಿಸಿ.

ಅಕ್ಷರದ ಗಾತ್ರವನ್ನೂ ನೋಡಿ. ವಯಸ್ಸಾದವರು ಅಕ್ಷರವನ್ನು ಅತಿ ದೊಡ್ಡದಕ್ಕೆ ಇಟ್ಟಿರುತ್ತಾರೆ. ಆ್ಯಂಡ್ರಾಯ್ಡ್ 14ರಲ್ಲಿ ಅದು 200 ಪ್ರತಿಶತದವರೆಗೂ ಹೋಗುತ್ತದೆ. ಇಂಗ್ಲಿಷ್‌ಗೆ ಅಳತೆ ಮಾಡಿ ಗುಂಡಿಯ ಎತ್ತರ ಗಟ್ಟಿ ಮಾಡಿದ್ದರೆ ನಮ್ಮ ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗುತ್ತದೆ. ‘ಒಟ್ಟು’ ಎಂಬಲ್ಲಿ ಟ ಒತ್ತು ಅರ್ಧ ಮಾಯವಾದದ್ದನ್ನು ನಾನು ನೋಡಿದ್ದೇನೆ. ಗುಂಡಿಗೆ ಎತ್ತರ ನಿಗದಿ ಮಾಡಬೇಡಿ, ಕನಿಷ್ಠ ಎತ್ತರ ಮಾತ್ರ ಕೊಟ್ಟು ಬೆಳೆಯಲು ಬಿಡಿ.

ಬ್ಯಾಟರಿ ಮತ್ತು ಹಿನ್ನೆಲೆ ಕೆಲಸ

ಚಾರ್ಜರ್‌ಗೆ ಸಿಕ್ಕಿಸಿ, ಪರದೆ ಆನ್ ಇಟ್ಟೇ ನಾವು ಆ್ಯಪ್ ನೋಡುತ್ತೇವೆ. ಜನರ ಫೋನ್ ಜೇಬಿನಲ್ಲಿ ಮಲಗಿರುತ್ತದೆ. 2015ರ ಆ್ಯಂಡ್ರಾಯ್ಡ್ 6ರಲ್ಲಿ ಡೋಜ್ ಬಂತು. ಸುಮ್ಮನೆ ಬಿದ್ದಿರುವ ಫೋನಿನಲ್ಲಿ ಆ್ಯಪ್‌ಗಳ ಕೆಲಸವನ್ನು ಅದು ಮುಂದೂಡುತ್ತದೆ. 2017ರ ಆ್ಯಂಡ್ರಾಯ್ಡ್ 8 ಹಿನ್ನೆಲೆಯಲ್ಲಿ ಓಡುವುದಕ್ಕೆ ಇನ್ನಷ್ಟು ಕಡಿವಾಣ ಹಾಕಿತು. 2022ರ ಆ್ಯಂಡ್ರಾಯ್ಡ್ 13ರಿಂದ ನೋಟಿಫಿಕೇಷನ್ ತೋರಿಸಲೂ ಅನುಮತಿ ಕೇಳಲೇಬೇಕು. ಇದರ ಮೇಲೆ ಕೆಲವು ಕಂಪನಿಗಳ ಫೋನಿನಲ್ಲಿ ‘ಆಟೊಸ್ಟಾರ್ಟ್’ನಂಥ ಸ್ವಂತ ಸೆಟ್ಟಿಂಗ್ ಬೇರೆ ಇರುತ್ತದೆ.

ರಾತ್ರಿಯೆಲ್ಲ ಕಾಯಬೇಕಿಲ್ಲ. ಎಡಿಬಿಯಿಂದ ಫೋನನ್ನು ಬಲವಂತವಾಗಿ ಡೋಜ್‌ಗೆ ತಳ್ಳುವ ಆದೇಶ ಇದೆ, ಅದರಿಂದ ಕೂತಲ್ಲೇ ಪರೀಕ್ಷಿಸಬಹುದು. ತಡವಾದರೂ ನಡೆಯುವ ಕೆಲಸವಾದರೆ ಹಿನ್ನೆಲೆ ಕೆಲಸಗಳನ್ನು ಸಮಯ ನೋಡಿ ಮಾಡಿಸುವ ಆ್ಯಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್‌ಗೆ ಒಪ್ಪಿಸಿ.

ಮೆಮೊರಿ ಮತ್ತು ಕ್ಯಾಮೆರಾ

ಎಮ್ಯುಲೇಟರ್‌ನ ನಕಲಿ ಕ್ಯಾಮೆರಾದಿಂದ ನಿಜವಾದ ಫೋಟೊದ ಭಾರ ಗೊತ್ತಾಗುವುದಿಲ್ಲ. 4000ಕ್ಕೆ 3000 ಚುಕ್ಕೆಗಳ ಫೋಟೊವನ್ನು ಪೂರ್ತಿ ಬಿಚ್ಚಿದರೆ ಒಂದು ಚುಕ್ಕೆಗೆ 4 ಬೈಟ್‌ನಂತೆ 48 ಎಂಬಿ ಬೇಕು. ಅಂಥ ನಾಲ್ಕೈದು ಫೋಟೊ ಒಟ್ಟಿಗೆ ತೆರೆದರೆ 2 ಜಿಬಿ ರ್‍ಯಾಮ್‌ನ ಫೋನಿನಲ್ಲಿ ಆ್ಯಪ್ ಬೀಳಬಹುದು. ಪರದೆಗೆ ಬೇಕಾದಷ್ಟೇ ಗಾತ್ರಕ್ಕೆ ಕುಗ್ಗಿಸಿ ತೆರೆಯಿರಿ.

ಇನ್ನೊಂದು ದೂರು ಹೀಗಿರುತ್ತದೆ: ‘ಫೋಟೊ ತೆಗೆದು ವಾಪಸ್ ಬಂದರೆ ಫಾರಂ ಎಲ್ಲ ಖಾಲಿ’. ಕ್ಯಾಮೆರಾಗೆ ಜಾಗ ಮಾಡಿಕೊಡಲು ಫೋನು ನಿಮ್ಮ ಆ್ಯಪನ್ನೇ ಮುಚ್ಚಿರುತ್ತದೆ. ಡೆವಲಪರ್ ಆಯ್ಕೆಗಳಲ್ಲಿ ‘ಚಟುವಟಿಕೆಗಳನ್ನು ಇರಿಸದಿರು’ ಎಂಬುದನ್ನು ಆನ್ ಮಾಡಿ ನೋಡಿ, ಇದೇ ತೊಂದರೆ ನಿಮ್ಮ ಮೇಜಿನ ಮೇಲೂ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಬರೆದದ್ದನ್ನು ಆಗಿಂದಾಗಲೇ ಉಳಿಸಿಕೊಳ್ಳುವಂತೆ ಮಾಡಿ.

ಐಫೋನ್ ಆ್ಯಪ್ ಮಾಡುವವರಿಗೆ ಎರಡು ಮಾತು. ಮ್ಯಾಕ್‌ನ ಡಿಸ್ಕ್ ಸಾಮಾನ್ಯವಾಗಿ ಫೈಲ್ ಹೆಸರಿನ ದೊಡ್ಡ, ಚಿಕ್ಕ ಇಂಗ್ಲಿಷ್ ಅಕ್ಷರಕ್ಕೆ ವ್ಯತ್ಯಾಸ ಮಾಡುವುದಿಲ್ಲ, ಐಫೋನ್ ಮಾಡುತ್ತದೆ. ಸಿಮ್ಯುಲೇಟರ್‌ನಲ್ಲಿ, ಅಂದರೆ ಮ್ಯಾಕ್‌ನಲ್ಲಿ ಓಡುವ ನಕಲಿ ಐಫೋನಿನಲ್ಲಿ, ಕಂಡ ಚಿತ್ರ ಫೋನಿನಲ್ಲಿ ಕಾಣದಿದ್ದರೆ ಹೆಸರಿನ ಅಕ್ಷರ ನೋಡಿ. ತೆರೆಯಲು ಸುಮಾರು 20 ಸೆಕೆಂಡ್ ಮೀರಿದ ಆ್ಯಪನ್ನು ಐಫೋನ್ ಮುಚ್ಚಿಬಿಡುತ್ತದೆ. ಸಿಮ್ಯುಲೇಟರ್‌ನಲ್ಲಿ ಆ ಕಾವಲು ಇರುವುದಿಲ್ಲ.

ಸರಿ ಮಾಡಿದ ಮೇಲೆ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ತೊಂದರೆ ಕಂಡ ಅದೇ ಫೋನಿನಲ್ಲಿ ಮತ್ತೆ ನೋಡುವವರೆಗೆ ‘ಸರಿಯಾಯಿತು’ ಎಂದು ಹೇಳಬೇಡಿ. ಪ್ಲೇ ಸ್ಟೋರಿನಲ್ಲಿ ಹೊಸ ಆವೃತ್ತಿಯನ್ನು ಮೊದಲು ನೂರಕ್ಕೆ ಐದೋ ಹತ್ತೋ ಜನರಿಗೆ ಬಿಟ್ಟು, ಆ್ಯಂಡ್ರಾಯ್ಡ್ ವೈಟಲ್ಸ್ ಪುಟದಲ್ಲಿ ಕ್ರ್ಯಾಶ್ ಲೆಕ್ಕ ನೋಡಿ ಮುಂದುವರಿಯಿರಿ.

ನನ್ನ ಮೇಜಿನ ಮೇಲೆ ಈಗ 2 ಜಿಬಿ ರ್‍ಯಾಮ್‌ನ ಒಂದು ಸೆಕೆಂಡ್‌ಹ್ಯಾಂಡ್ ಫೋನಿದೆ. ಭಾಷೆ ಕನ್ನಡ, ಅಕ್ಷರ ಅತಿ ದೊಡ್ಡದು, ಬ್ಯಾಟರಿ ಸೇವರ್ ಆನ್, ಜಾಗ ಬಹುತೇಕ ಭರ್ತಿ. ಡೇರಿಗೆ ಹೋಗುವ ಪ್ರತಿ ಆವೃತ್ತಿಯನ್ನೂ ಮೊದಲು ಅದಕ್ಕೆ ಹಾಕಿ, ವೈಫೈ ಆಫ್ ಮಾಡಿ, 6.50 ಲೀಟರ್ ಬರೆದು ‘ಉಳಿಸಿ’ ಒತ್ತುತ್ತೇನೆ.