ಒಂದು ಸಾಲಿನ ನೋಟಿಸಿನಿಂದ ಸಜ್ಜಾ ರಿಪೇರಿಯಾಗುವುದಿಲ್ಲ: ಕೊಡಗಿನ ಅಂಗಡಿ ಕಟ್ಟಡಗಳು ಮತ್ತು ನನ್ನ ಅನುಭವ

ನಮ್ಮ ಕೊಡಗಿನ ಪಟ್ಟಣಗಳಲ್ಲಿ ಅಂಗಡಿ ಕಟ್ಟಡಗಳನ್ನು ರಸ್ತೆಯಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮುಂದೆ ಎರಡು ಮಹಡಿ, ಬಣ್ಣ, ಫ್ಲೆಕ್ಸ್ ಬೋರ್ಡು. ಪಕ್ಕದ ಓಣಿಯಲ್ಲಿ ಹಿಂದಕ್ಕೆ ಇಳಿದರೆ ಅದೇ ಕಟ್ಟಡಕ್ಕೆ ನಾಲ್ಕು ಮಹಡಿ. ಇಳಿಜಾರಿನಲ್ಲಿ ಕಟ್ಟಿದ್ದಲ್ವಾ? ಇಡೀ ಭಾರ ಹೊತ್ತ ಪಿಲ್ಲರ್‌ಗಳು ಆ ಕೆಳಗೇ ಇರುತ್ತವೆ. ಹೋಟೆಲಿನ ಪಾತ್ರೆ ತೊಳೆದ ನೀರು ಅವುಗಳ ಬುಡಕ್ಕೇ ಬೀಳುತ್ತಿರುತ್ತದೆ. ಅಲ್ಲಿಗೆ ಮಾಲೀಕರೂ ಹೋಗುವುದಿಲ್ಲ, ಬಾಡಿಗೆಯವರೂ ಹೋಗುವುದಿಲ್ಲ.

ಜಿಲ್ಲೆಯ ಒಂದು ಪಟ್ಟಣದ ಸ್ಥಳೀಯ ಸಂಸ್ಥೆಯ ಇಂಜಿನಿಯರಿಂಗ್ ಶಾಖೆಯಲ್ಲಿ ಕೆಲಸ ಮಾಡಿದವನು ನಾನು. ಊರಿನ ಹೆಸರು ಬೇಡ, ಆ ಅಂಗಡಿಯವರು ಇವತ್ತಿಗೂ ಅಲ್ಲೇ ವ್ಯಾಪಾರ ಮಾಡುತ್ತಿದ್ದಾರೆ. ವಾಣಿಜ್ಯ ಕಟ್ಟಡಗಳನ್ನು ಸುಸ್ಥಿತಿಯಲ್ಲಿ ಇಡಿಸುವುದು ನನ್ನ ಪಾಲಿಗೆ ಬಂದಿತ್ತು. ಹಾಗೆಂದು ಯಾವ ಆದೇಶದಲ್ಲೂ ಇಷ್ಟು ಚಂದವಾಗಿ ಬರೆದಿರಲಿಲ್ಲ. ಮಳೆಗಾಲದಲ್ಲಿ ಏನಾದರೂ ಬಿದ್ದರೆ ಫೋನ್ ನನಗೆ ಬರುತ್ತಿತ್ತು, ಅಷ್ಟೇ.

ದೊಡ್ಡ ನಗರಗಳಲ್ಲಿ ಇದಕ್ಕೊಂದು ಕ್ಯಾಲೆಂಡರ್ ಇದೆ. ಮುಂಬೈಯಲ್ಲಿ ಕಟ್ಟಡಕ್ಕೆ 30 ವರ್ಷ ದಾಟಿದರೆ ಮಾಲೀಕರೇ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ಮಾಡಿಸಬೇಕು. ಅಲ್ಲಿನ ಪಾಲಿಕೆ ಕಾಯ್ದೆಯ 353ಬಿ ಕಲಮೇ ಹಾಗೆ ಹೇಳುತ್ತದೆ. ಸಿಂಗಪುರದಲ್ಲಿ 1986ರಲ್ಲಿ ಹೋಟೆಲ್ ನ್ಯೂ ವರ್ಲ್ಡ್ ಇದ್ದ ಕಟ್ಟಡ ಕುಸಿದು 33 ಜನ ಸತ್ತರು. ಈಗ ಅಲ್ಲಿ ವಾಸಕ್ಕಲ್ಲದ ಕಟ್ಟಡಗಳಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಆಗಲೇಬೇಕು. ನ್ಯೂಯಾರ್ಕ್‌ನಲ್ಲಿ 1979ರಲ್ಲಿ ಕಟ್ಟಡದ ಮೇಲಿಂದ ಒಂದು ತುಂಡು ಕಳಚಿ ಬಿದ್ದು ಕಾಲೇಜು ಹುಡುಗಿಯೊಬ್ಬಳು ಸತ್ತಳು. ಮರುವರ್ಷವೇ ಎತ್ತರದ ಕಟ್ಟಡಗಳ ಹೊರಮೈ ತಪಾಸಣೆಗೆ ಕಾನೂನು ಬಂತು. ಎಲ್ಲ ಕಡೆಯೂ ಸಾವಾದ ಮೇಲೆಯೇ ಕಾನೂನು. ಆದರೆ ಬಂದ ಮೇಲೆ ಗಡುವು ಅಂತ ಒಂದು ಇರುತ್ತದೆ. ನಮ್ಮ ಊರಿನಲ್ಲಿ ಗಡುವು ಎಂದರೆ ಮುಂಗಾರು ಮಾತ್ರ.

ನಾನು ಮೊದಲು ಮಾಡಿದ್ದು ಒಂದು ರಿಜಿಸ್ಟರ್. ಮುಂಬೈಯ 30 ವರ್ಷದ ಲೆಕ್ಕವನ್ನೇ ಎರವಲು ತೆಗೆದುಕೊಂಡೆ. ಕಂದಾಯ ಶಾಖೆಯ ಪುಸ್ತಕದಲ್ಲಿ ತೆರಿಗೆ ಸಿಗುತ್ತದೆ, ಕಟ್ಟಿದ ವರ್ಷ ಸಿಗುವುದಿಲ್ಲ. ಹಳೇ ಲೈಸೆನ್ಸ್ ಕಡತಗಳನ್ನು ಗೆದ್ದಲು ತಿಂದಿರುತ್ತದೆ. ಕೊನೆಗೆ ಉಪಯೋಗಕ್ಕೆ ಬಂದಿದ್ದು ಕರೆಂಟ್ ಮೀಟರ್. ಮೊದಲ ಸಂಪರ್ಕ ಯಾವ ವರ್ಷ ಕೊಟ್ಟರು ಎಂದು ನೋಡಿದರೆ ಕಟ್ಟಡದ ವಯಸ್ಸು ಹೆಚ್ಚುಕಮ್ಮಿ ಸಿಕ್ಕಿಬಿಡುತ್ತದೆ. ಮೇಲಿನ ಮಹಡಿ ಯಾವಾಗ ಏರಿಸಿದರು ಎನ್ನುವುದಕ್ಕೆ ಎದುರಿನ ಅಂಗಡಿಯ ಹಿರಿಯರೇ ಸಾಕ್ಷಿ. ಈ ಎರಡನೆಯದು ಜಾಸ್ತಿ ಮುಖ್ಯ. ಒಂದು ಮಹಡಿಗೆ ಹಾಕಿದ ಪಾಯದ ಮೇಲೆ ಮೂರು ಮಹಡಿ ನಿಂತಿರುವ ಕಟ್ಟಡ ನಮ್ಮಲ್ಲಿ ಬೇಕಾದಷ್ಟಿದೆ.

ನೋಡಲು ಹೋಗುವ ಕಾಲ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಕೈಲ್ ಪೊಳ್ದ್ ಹಬ್ಬ ಮುಗಿದ ಮೇಲೆ, ದಸರಾಕ್ಕೆ ಬಣ್ಣ ಹೊಡೆಯುವ ಮುಂಚೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ಬೀಳುವ ಮಡಿಕೇರಿ ಕಡೆ, ನೀರು ಎಲ್ಲಿಂದ ಒಳಗೆ ಬಂತು ಎಂದು ಗೋಡೆಯೇ ಬರೆದು ತೋರಿಸುವುದು ಆಗ. ಮಾರ್ಚಿನಲ್ಲಿ ಹೋದರೆ ಎಲ್ಲವೂ ಒಣಗಿ, ಸುಣ್ಣ ಬಳಿದು, ಚೆನ್ನಾಗಿಯೇ ಕಾಣುತ್ತದೆ.

ನಮ್ಮಲ್ಲಿ ತಾರಸಿಯ ಮೇಲೆ ಶೀಟು ಹಾಕುವುದು ರೂಢಿ. ಮಳೆಗೆ ಅದು ಬೇಕು ನಿಜ. ಆದರೆ ಶೀಟು ಬಂದ ಮೇಲೆ ಕೆಳಗಿನ ಸ್ಲ್ಯಾಬನ್ನು ಯಾರೂ ನೋಡುವುದಿಲ್ಲ. ಅದು ಗೋದಾಮಾಗುತ್ತದೆ. ಒಂದು ಕಡೆ ಕಾಫಿ, ಕರಿಮೆಣಸಿನ ಚೀಲಗಳನ್ನು ಎದೆಮಟ್ಟ ಪೇರಿಸಿದ್ದರು. ಆ ಸ್ಲ್ಯಾಬ್ ಬರೀ ತಾರಸಿ ಎಂದುಕೊಂಡು ಹಾಕಿದ್ದು. ಗಾಳಿಗೆ ಹಾರಿ ಬರುವ ಮಳೆ ಬದಿಯಿಂದ ಹೊಡೆದು ಚೀಲದಡಿ ನಿಂತಿತ್ತು. ಕೆಳಗಿನ ಅಂಗಡಿಯಲ್ಲಿ ಫಾಲ್ಸ್ ಸೀಲಿಂಗ್ ಬೇರೆ. ಒಂದು ಹಲಗೆ ಬಿಚ್ಚಿಸಿ ಟಾರ್ಚ್ ಬಿಟ್ಟರೆ ಕಂಬಿಗಳೆಲ್ಲ ಹೊರಗೆ, ಮುಟ್ಟಿದರೆ ತುಕ್ಕು ಪದರ ಪದರವಾಗಿ ಕೈಗೆ ಬರುತ್ತಿತ್ತು. ಅವತ್ತಿನಿಂದ ಫಾಲ್ಸ್ ಸೀಲಿಂಗ್ ಬಿಚ್ಚದೆ ನಾನು ಯಾವ ಅಂಗಡಿಗೂ ‘ನೋಡಿದೆ’ ಎಂದು ಬರೆಯಲಿಲ್ಲ.

ದುಬಾರಿ ಯಂತ್ರ ಎಲ್ಲದಕ್ಕೂ ಬೇಕಾಗಿಲ್ಲ. ಬಿರುಕಿಗೆ ಅಡ್ಡವಾಗಿ ತೆಳ್ಳಗಿನ ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೆ ಸಿಮೆಂಟ್ ಮೆತ್ತಿ, ಪಕ್ಕದಲ್ಲಿ ತಾರೀಕು ಬರೆಯುತ್ತಿದ್ದೆ. ಕಟ್ಟಡ ಇನ್ನೂ ಜರುಗುತ್ತಿದ್ದರೆ ಗಾಜು ಒಡೆಯುತ್ತದೆ. ಹಳೇ ಬಿರುಕಾಗಿದ್ದರೆ ಹಾಗೇ ಇರುತ್ತದೆ. ಕಾಂಕ್ರೀಟಿನ ಒಂದು ಚಕ್ಕೆ ಒಡೆದು, ಹೊಸ ಮುಖಕ್ಕೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸುವುದು ಇನ್ನೊಂದು. ಗುಲಾಬಿ ಬಣ್ಣ ಬಂದರೆ ಕಾಂಕ್ರೀಟು ಇನ್ನೂ ಕಂಬಿಯನ್ನು ಕಾಯುತ್ತಿದೆ. ಕಂಬಿಯ ಆಳದವರೆಗೂ ಬಣ್ಣ ಬಾರದಿದ್ದರೆ, ಇವತ್ತಲ್ಲ ನಾಳೆ ತುಕ್ಕು ಖಂಡಿತ. ಮಾಲೀಕರ ಎದುರೇ ಇದನ್ನು ಮಾಡಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಅನುಮಾನ ಉಳಿದ ಕಡೆಗೆ ಮಾತ್ರ ಕಾಂಕ್ರೀಟಿನ ಗಟ್ಟಿತನ ನೋಡುವ ರೀಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಸಿ ಎಂದು ಹೇಳುತ್ತಿದ್ದೆ. ಹಿಂದಿನ ತಡೆಗೋಡೆಯಲ್ಲಿ ನೀರು ಹೋಗಲು ಬಿಟ್ಟ ಪೈಪುಗಳು ಮಣ್ಣು ತುಂಬಿ ಮುಚ್ಚಿವೆಯೇ ಎಂದು ನೋಡುವುದಂತೂ ಎಲ್ಲಕ್ಕಿಂತ ಮೊದಲು.

ಇನ್ನು ನೋಟಿಸ್. ಹಳೇ ಪದ್ಧತಿಯಲ್ಲಿ ಅದು ಒಂದೇ ಸಾಲು: ‘ಸದರಿ ಕಟ್ಟಡವು ಶಿಥಿಲಗೊಂಡಿದ್ದು ಕೂಡಲೇ ತೆರವುಗೊಳಿಸತಕ್ಕದ್ದು.’ ಇದರಿಂದ ಒಂದು ಸಜ್ಜಾವೂ ರಿಪೇರಿಯಾದದ್ದನ್ನು ನಾನು ಕಂಡಿಲ್ಲ. ಬಾಡಿಗೆದಾರರಿಗೆ ಇದು ಎಬ್ಬಿಸುವ ಕಾಗದ. ಹಲವು ದಶಕಗಳಿಂದ ಸಣ್ಣ ಬಾಡಿಗೆಗೆ ಕೂತಿರುತ್ತಾರೆ, ಎದ್ದರೆ ಮತ್ತೆ ಆ ಜಾಗ ಸಿಗುವುದಿಲ್ಲ. ಕೆಲವು ಮಾಲೀಕರಿಗೂ ಇದು ಅದೇ ಕಾಗದ, ಆದರೆ ಖುಷಿಯ ಕಾಗದ.

ಮುಖ್ಯರಸ್ತೆಯ ಒಂದು ಕಟ್ಟಡದ ಮಾಲೀಕರು ಬೆಂಗಳೂರಿನಲ್ಲಿದ್ದರು. ಫೋನಿನಲ್ಲಿ, “ಇಂಜಿನಿಯರ್ರೇ, ಪೂರ್ತಿ ಬಿಲ್ಡಿಂಗೇ ಅಪಾಯ ಅಂತ ಬರೆದುಬಿಡಿ. ಖಾಲಿಯಾದರೆ ನಾನೇ ಕೆಡವಿ ಹೊಸದು ಕಟ್ಟುತ್ತೇನೆ” ಎಂದರು. ಕೆಳಗೆ ಚಹಾ ಅಂಗಡಿಯ ಕಾಕಾ ನೋಟಿಸನ್ನು ಮುಟ್ಟಲೂ ಇಲ್ಲ.

“ಇದು ಧಣಿ ಬರೆಸಿದ್ದು ಸಾರ್. ನಮ್ಮನ್ನು ಎಬ್ಬಿಸಲಿಕ್ಕೆ, ಅಲ್ವಾ?”

“ಕಾಕಾ, ಎಬ್ಬಿಸಲಿಕ್ಕೆ ಅಲ್ಲ. ಓದಿ ನೋಡಿ, ಆಮೇಲೆ ಬೈಯಿರಿ.”

ಮಗನ ಕೈಯಲ್ಲಿ ಓದಿಸಿದರು. ಅದರಲ್ಲಿ ಇದ್ದದ್ದು ಹೀಗೆ: ರಸ್ತೆ ಕಡೆಯ ಸಜ್ಜಾ ಪೂರ್ತಿ ತೆಗೆಯಬೇಕು. ಹಿಂದಿನ ಸಾಲಿನ ಎರಡು ಪಿಲ್ಲರ್‌ಗಳಿಗೆ ಕೂಡಲೇ ಜಾಕಿ ಕೊಡಬೇಕು. ತಾರಸಿಯ ಚೀಲಗಳನ್ನು ಇಳಿಸಬೇಕು. ಕಂಬಿಯ ಸುತ್ತ ಗಟ್ಟಿ ಕಾಂಕ್ರೀಟು ಸಿಗುವವರೆಗೆ ಒಡೆದು, ತುಕ್ಕು ಉಜ್ಜಿ, ಸವೆದ ಕಡೆ ಹೊಸ ಕಂಬಿ ಕಟ್ಟಿ, ಪಾಲಿಮರ್ ಗಾರೆ ಹಾಕಬೇಕು. ಬರೀ ಪ್ಲಾಸ್ಟರ್ ಹೊಡೆದರೆ ಒಪ್ಪುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಗಡುವು, ಪ್ರತಿಯೊಂದಕ್ಕೂ ಫೋಟೋ. ಕಟ್ಟಡ ಕೆಡವಬೇಕೆಂದು ಎಲ್ಲೂ ಇರಲಿಲ್ಲ. ಕಾಕಾ ಸಹಿ ಹಾಕಿದರು. ಮಾಲೀಕರಿಗೆ ಸಿಟ್ಟು ಬಂತು. ಎರಡೂ ಸರಿಯಾದ ಲಕ್ಷಣ ಎಂದುಕೊಂಡೆ.

ಯಾರ ಹೆಸರಿಗೆ ನೋಟಿಸ್ ಕೊಡುವುದು ಎನ್ನುವುದು ನಮ್ಮಲ್ಲಿ ಸಣ್ಣ ಪ್ರಶ್ನೆಯಲ್ಲ. ಖಾತೆ ಅಜ್ಜನ ಹೆಸರಿನಲ್ಲಿರುತ್ತದೆ, ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಗಿರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ. ಕುಟುಂಬದವರು ಒಬ್ಬರು ಮೈಸೂರು, ಒಬ್ಬರು ಕೆನಡಾ. ಸತ್ತವರ ಹೆಸರಿಗೆ ಕೊಟ್ಟ ನೋಟಿಸ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಬಾಡಿಗೆ ಯಾರ ಕೈಗೆ ಹೋಗುತ್ತದೋ ಅವರಿಗೆ, ಗೊತ್ತಿರುವ ವಾರಸುದಾರರಿಗೆ, ಜೊತೆಗೆ ಪ್ರತಿ ಬಾಡಿಗೆದಾರರಿಗೂ ಪ್ರತಿ. ತೆಗೆದುಕೊಳ್ಳದಿದ್ದರೆ ಪಂಚರ ಎದುರು ಬಾಗಿಲಿಗೆ ಅಂಟಿಸಿ ಮಹಜರು. ತಡೆಯಾಜ್ಞೆ ಸಿಗುವುದು ಸಾಮಾನ್ಯವಾಗಿ ಕಟ್ಟಡ ಗಟ್ಟಿಯಿದೆ ಎಂದಲ್ಲ, ನಾವು ಸಮಯ ಕೊಡಲಿಲ್ಲ, ಮಾತು ಕೇಳಲಿಲ್ಲ ಎಂದು.

ಕೇಳದಿದ್ದರೆ ಏನು ಮಾಡುವುದು? ಅಸ್ತ್ರಗಳು ಇಲ್ಲದಿಲ್ಲ. ಉದ್ದಿಮೆ ಪರವಾನಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ನವೀಕರಣ ತಡೆಹಿಡಿಯಬಹುದು. ಕರೆಂಟ್ ತೆಗೆಸಲು ಬರೆಯಬಹುದು. ಆದರೆ ಈ ಎರಡೂ ಬೀಳುವುದು ಬಾಡಿಗೆದಾರನ ಹೊಟ್ಟೆಯ ಮೇಲೆ. ಮಾಲೀಕರಿಗೆ ಒಂದು ರೂಪಾಯಿ ನಷ್ಟವಿಲ್ಲ. ಕರೆಂಟ್ ಕಿತ್ತ ಕಟ್ಟಡ ರಿಪೇರಿಯಾಗುವುದೂ ಇಲ್ಲ, ಸುಮ್ನೆ ಬೀಗ ಹಾಕಿಕೊಂಡು ಇನ್ನಷ್ಟು ಹಾಳಾಗುತ್ತದೆ. ಮಾಲೀಕರನ್ನು ಮುಟ್ಟುವುದು ಬೇರೆ: ಅವರು ಮಾಡದ ತುರ್ತು ಕೆಲಸವನ್ನು ಸಂಸ್ಥೆಯೇ ಮಾಡಿಸಿ ಖರ್ಚನ್ನು ಅವರಿಂದ ವಸೂಲಿ ಮಾಡುವುದು. ಖಾತೆಯ ಮೇಲೆ ಬಾಕಿ ಕಂಡರೆ ಕೆನಡಾದಿಂದಲೂ ಫೋನ್ ಬರುತ್ತದೆ. ಮಾರಾಟಕ್ಕೂ ಬ್ಯಾಂಕ್ ಸಾಲಕ್ಕೂ ಖಾತೆ ಬೇಕಲ್ಲ.

ನಿಜವಾಗಿ ಬೀಳುವ ಹಾಗಿದ್ದರೆ ಈ ದಾರಿ ನಿಧಾನ. ಆಗ ತಹಶೀಲ್ದಾರರ ಅಥವಾ ಉಪವಿಭಾಗಾಧಿಕಾರಿಗಳ ಮುಂದೆ ಹೋಗುವುದು. ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿದ್ದ ಅಧಿಕಾರ 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 152ರಲ್ಲಿದೆ. ದಾರಿಹೋಕರ ಮೇಲೆ ಬೀಳಬಹುದಾದ ಕಟ್ಟಡವನ್ನು ತೆಗೆಯಿರಿ, ದುರಸ್ತಿ ಮಾಡಿ, ಆಧಾರ ಕೊಡಿ ಎಂದು ಆದೇಶಿಸಲು ಅದು ಸಾಕು. ಮಳೆಗಾಲದಲ್ಲಿ ಜಿಲ್ಲಾಡಳಿತಕ್ಕೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯೂ ಇದೆ. 2018ರ ಆಗಸ್ಟ್‌ನ ಭೂಕುಸಿತ, ಪ್ರವಾಹ ಆದ ಮೇಲೆ ಈ ಕಾಯ್ದೆಯ ಹೆಸರು ಕೊಡಗಿನಲ್ಲಿ ಮಕ್ಕಳಿಗೂ ಗೊತ್ತು. ಆದರೆ ಆಮೇಲೆ ಎಲ್ಲರ ಕಣ್ಣು ಬೆಟ್ಟದ ಮೇಲಿನ ಮನೆಗಳ ಮೇಲೆ ನಿಂತಿತು, ಪೇಟೆಯ ಕಟ್ಟಡಗಳು ಮರೆತುಹೋದವು. 2024ರ ಜೂನ್‌ನಲ್ಲಿ ಗೋಣಿಕೊಪ್ಪದಲ್ಲಿ ಹೋಟೆಲ್ ಇದ್ದ ಹಳೇ ಕಟ್ಟಡ ಕುಸಿದಾಗ ಮತ್ತೆ ನೆನಪಾದವು.

ದಸರಾದ ಮಾತು ಇಲ್ಲಿ ಹೇಳಲೇಬೇಕು. ಮಡಿಕೇರಿಯಲ್ಲಿ ದಶಮಂಟಪಗಳ ಮೆರವಣಿಗೆ ಹೊರಡುವ ರಾತ್ರಿ, ಗೋಣಿಕೊಪ್ಪದಲ್ಲೂ ಹಾಗೇ, ರಸ್ತೆಯ ಎರಡೂ ಕಡೆ ಬಾಲ್ಕನಿ, ಸಜ್ಜಾ, ತಾರಸಿ ಎಲ್ಲ ಜನ. ವರ್ಷವಿಡೀ ಬಟ್ಟೆ ಒಣಗಿಸಲು ಬಳಸುವ ಬಾಲ್ಕನಿಯಲ್ಲಿ ಮೂವತ್ತು ಜನ ಒಟ್ಟಿಗೆ ಒಂದೇ ಕಡೆ ಬಾಗುತ್ತಾರೆ, ಡಿಜೆ ಸದ್ದಿಗೆ ಕುಣಿಯುತ್ತಾರೆ. ಹಳೇ ಬಾಲ್ಕನಿಗೆ ಇದಕ್ಕಿಂತ ಕೆಟ್ಟ ಪರೀಕ್ಷೆ ಇಲ್ಲ. ಪಟ್ಟಿಯಲ್ಲಿದ್ದ ಕಟ್ಟಡಗಳ ಮಹಡಿ ಮೆಟ್ಟಿಲಿಗೆ ಬೀಗ ಹಾಕಿಸಬೇಕು ಎಂದು ಪೊಲೀಸರಿಗೆ ಮೊದಲೇ ಪಟ್ಟಿ ಕೊಟ್ಟರೆ ಅವರು ಮಾಡುತ್ತಾರೆ. ಆ ದಿನ ಸಂಜೆ ಕೇಳಿದರೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಕೆಲಸದ ಕಾಲವನ್ನೂ ಹೊಂದಿಸಬೇಕು. ಹುತ್ತರಿ ಹಬ್ಬ ಮುಗಿದು ಕಾಫಿ ಕೊಯ್ಲು ಶುರುವಾದರೆ ಆಳು ಸಿಗುವುದಿಲ್ಲ. ಜನವರಿಯಲ್ಲಿ ನೋಟಿಸ್, ಫೆಬ್ರವರಿಯೊಳಗೆ ಮಾಲೀಕರ ಇಂಜಿನಿಯರ್ ವರದಿ, ಮಾರ್ಚಿನಲ್ಲಿ ಪರವಾನಗಿಯ ಮಾತು, ಮೇ ಕೊನೆಗೆ ಕೆಲಸ ಮುಗಿಯಬೇಕು. ಜೂನ್ ಬಂದ ಮೇಲೆ ನಮ್ಮಲ್ಲಿ ಕಾಂಕ್ರೀಟು ಕೆಲಸ ಮಾಡುತ್ತೇನೆ ಎನ್ನುವ ಕಂಟ್ರಾಕ್ಟರನ್ನು ನಂಬಬೇಡಿ.

ಕಾಕಾನ ಕಟ್ಟಡದಲ್ಲಿ ದುಡ್ಡಿನ ಗಂಟು ಕೊನೆಗೆ ಬಿಚ್ಚಿದ್ದು ಹೀಗೆ. ಬಾಡಿಗೆದಾರರೆಲ್ಲ ಸೇರಿ ಖರ್ಚು ಹಾಕಿದರು, ಅದನ್ನು ತಿಂಗಳ ಬಾಡಿಗೆಯಲ್ಲಿ ಮುರಿದುಕೊಳ್ಳುವುದೆಂದು ಸ್ಟಾಂಪ್ ಪೇಪರಿನಲ್ಲಿ ಬರೆಸಿದರು. ಮಾಲೀಕರು ಬಾಡಿಗೆಯನ್ನು ಸ್ವಲ್ಪ ಏರಿಸಿಕೊಂಡರು. ಸಜ್ಜಾ ಇಳಿಸುವಾಗ ಕಾಕಾ ಅಂಗಡಿ ಮುಚ್ಚಿ ಎದುರಿನ ಜಗಲಿಯಲ್ಲಿ ಸ್ಟೌ ಇಟ್ಟುಕೊಂಡಿದ್ದರು. ಆ ಪಿಲ್ಲರ್‌ಗಳ ಮೇಲಿನ ಗಾಜಿನ ಪಟ್ಟಿ ನೋಡಲು ಮುಂದಿನ ಮಳೆಗಾಲವೆಲ್ಲ ನನಗಿಂತ ಜಾಸ್ತಿ ಕೆಳಗೆ ಇಳಿಯುತ್ತಿದ್ದವರು ಅವರೇ.

ಇದೆಲ್ಲ ಪಟ್ಟಣದ ಗಡಿಯೊಳಗಿನ ಕಥೆ. ಗಡಿ ದಾಟಿದರೆ ಗ್ರಾಮ ಪಂಚಾಯಿತಿ. ಇಳಿಜಾರಿನಲ್ಲಿ ಐದಾರು ಮಹಡಿಯ ಲಾಡ್ಜ್‌ಗಳು ಅಲ್ಲಿಯೂ ಎದ್ದಿವೆ. ಇನ್ನು ಕೆಲವೇ ವರ್ಷಗಳಲ್ಲಿ ಅವೂ ಹಳೆಯವಾಗುತ್ತವೆ. ಅವುಗಳ ರಿಜಿಸ್ಟರ್ ಈಗಲೇ ಶುರು ಮಾಡಿದರೆ ಕಟ್ಟಿದ ವರ್ಷ ಹುಡುಕಲು ಮೀಟರ್ ಲೆಕ್ಕ ನೋಡುವ ಕೆಲಸವಾದರೂ ಉಳಿಯುತ್ತದೆ.